ಸ್ಟ್ರಿಪ್ಪಿನ ಹಿಂದಿನ ವಿಳಾಸ



ಬೇರೆ ಬೇರೆ ಜಿಲ್ಲೆಗಳಿಂದ ಬಂದಿರುವ ವಾಣಿಜ್ಯಶಾಸ್ತ್ರದ ಮೇಷ್ಟ್ರುಗಳೇ, ನಿಮ್ಮಲ್ಲಿ ಅನೇಕರ ಬ್ಯಾಗಿನಲ್ಲಿ ಬಿಪಿ ಮಾತ್ರೆಯೋ ಶುಗರ್ ಮಾತ್ರೆಯೋ ಇರುತ್ತದೆ. ನನ್ನ ವಯಸ್ಸಿನವರಲ್ಲಂತೂ ಇದ್ದೇ ಇರುತ್ತದೆ. ಟೀ ವಿರಾಮದಲ್ಲಿ ಆ ಸ್ಟ್ರಿಪ್ ತಿರುಗಿಸಿ, ಕನ್ನಡಕ ಏರಿಸಿಕೊಂಡು ಸಣ್ಣ ಅಕ್ಷರ ಓದಿ ನೋಡಿ. ತಯಾರಾದ ಜಾಗ ಬದ್ದಿ, ಸೋಲನ್ ಜಿಲ್ಲೆ, ಹಿಮಾಚಲ ಪ್ರದೇಶ ಎಂದಿದ್ದರೆ ಆಶ್ಚರ್ಯಪಡಬೇಡಿ. ಇಂಗ್ಲಿಷಿನಲ್ಲಿ ಅಚ್ಚಾದ ಆ ಹೆಸರನ್ನು ನಮ್ಮ ಕಡೆಯವರು ‘ಬಡ್ಡಿ’ ಎಂದೇ ಓದುತ್ತಾರೆ. ತೆರಿಗೆ ಲೆಕ್ಕ ಬರೆದೇ ಆಯುಷ್ಯ ಸವೆಸಿದ ನನಗೆ ಅದೇ ಸರಿಯಾದ ಉಚ್ಚಾರಣೆ ಅನ್ನಿಸುವುದುಂಟು.

ಸೇಬಿಗೆ ಹೆಸರಾದ ರಾಜ್ಯಕ್ಕೆ ಇಷ್ಟೊಂದು ಮಾತ್ರೆ ಎಲ್ಲಿಂದ ಬಂತು? 2003ರಲ್ಲಿ ಕೇಂದ್ರ ಸರ್ಕಾರ ಹಿಮಾಚಲಕ್ಕೂ ಉತ್ತರಾಂಚಲಕ್ಕೂ ಕೈಗಾರಿಕಾ ಪ್ಯಾಕೇಜ್ ಕೊಟ್ಟಿತು. ಅಲ್ಲಿ ಹೊಸ ಘಟಕ ಹಾಕಿದವರಿಗೆ ಹತ್ತು ವರ್ಷ ಎಕ್ಸೈಸ್ ಸುಂಕ ಪೂರ್ತಿ ಮಾಫಿ. ಮೊದಲ ಐದು ವರ್ಷ ಲಾಭದ ಮೇಲೆ ಆದಾಯ ತೆರಿಗೆಯೂ ಇಲ್ಲ. ಆಮೇಲಿನ ಐದು ವರ್ಷ ಕಂಪನಿಯಾದರೆ ಲಾಭದ ಶೇ 30ರಷ್ಟಕ್ಕೆ ವಿನಾಯಿತಿ. ಬೆಟ್ಟದ ನಾಡು, ಸಾಗಣೆ ಕಷ್ಟ, ಸಮುದ್ರ ದೂರ, ಅದಕ್ಕೊಂದು ಪರಿಹಾರ ಎಂಬುದು ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬದ್ದಿ ಇರುವುದು ಹಿಮದ ನಡುವೆ ಅಲ್ಲ. ಹರಿಯಾಣದ ಗಡಿಗೆ ಅಂಟಿಕೊಂಡು, ಚಂಡೀಗಡದಿಂದ ಒಂದು ಗಂಟೆಯ ದಾರಿಯಲ್ಲಿ. ಗಡಿಯ ಈಚೆಗಿದ್ದ ಪಂಜಾಬ್, ಹರಿಯಾಣಗಳು ಕೂಗಾಡಿದ್ದು ಸುಮ್ಮನೆ ಅಲ್ಲ. ಇನ್ನು ಮಾತ್ರೆಗೆ ತೂಕವೆಲ್ಲಿ? ಕಬ್ಬಿಣವಾಗಿದ್ದರೆ ಲಾರಿ ಬಾಡಿಗೆಯೇ ಲಾಭ ನುಂಗುತ್ತಿತ್ತು. ತೂಕ ಕಡಿಮೆ, ತೆರಿಗೆ ಹೆಚ್ಚು ಇರುವ ಸರಕೇ ಬೆಟ್ಟದ ಬುಡಕ್ಕೆ ಓಡಿತು.

ಆಗ ಬೆಂಗಳೂರಿನ ಪೀಣ್ಯದಲ್ಲಿ ನನ್ನ ಕ್ಲೈಂಟ್ ಒಬ್ಬರು ದೊಡ್ಡ ಕಂಪನಿಗಳ ಹೆಸರಿನಲ್ಲಿ ಮಾತ್ರೆ ಮಾಡಿಕೊಡುತ್ತಿದ್ದರು. 2005ರ ಜನವರಿಯಲ್ಲಿ ಔಷಧಿಯ ಎಕ್ಸೈಸ್ ಲೆಕ್ಕ ಎಂಆರ್‌ಪಿ ಮೇಲೆ ಹೋಯಿತು. ಅವತ್ತು ಅವರೂ ನಾನೂ ಒಂದು ಹಾಳೆ ಹಿಡಿದು ಕೂತೆವು. ಸ್ಟ್ರಿಪ್ಪಿನ ಮೇಲೆ ಬೆಲೆ 100 ರೂಪಾಯಿ ಅನ್ನಿ. ಅದರಲ್ಲಿ ಶೇ 40 ಕಳೆದು ಉಳಿದ 60 ರೂಪಾಯಿಗೆ ಶೇ 16ರಂತೆ, ಸೆಸ್ ಬಿಟ್ಟು, 9 ರೂಪಾಯಿ 60 ಪೈಸೆ. ನನ್ನ ಕ್ಲೈಂಟ್ ಆ ಸ್ಟ್ರಿಪ್ಪನ್ನು ಕಂಪನಿಗೆ ಕೊಡುತ್ತಿದ್ದದ್ದು, ಲೆಕ್ಕಕ್ಕೆ ಹೇಳುತ್ತೇನೆ, 20 ರೂಪಾಯಿಗೆ. ಹಳೆಯ ಪದ್ಧತಿಯಲ್ಲಿ ಅದಕ್ಕೆ 3 ರೂಪಾಯಿ 20 ಪೈಸೆ ಸುಂಕ ಬೀಳುತ್ತಿತ್ತು. ಈಗ ಅದರ ಮೂರು ಪಟ್ಟು. ಸಣ್ಣ ಕೈಗಾರಿಕೆಯ ವಿನಾಯಿತಿಯೂ ಸಿಗುವುದಿಲ್ಲ, ಏಕೆಂದರೆ ಮಾಲಿನ ಮೇಲಿರುವುದು ಪರರ ಬ್ರ್ಯಾಂಡ್. ಬದ್ದಿಯಲ್ಲಿ ಅದೇ ಸ್ಟ್ರಿಪ್ಪಿಗೆ ಸುಂಕ ಸೊನ್ನೆ. ಕಚ್ಚಾ ಮಾಲಿನ ಕ್ರೆಡಿಟ್ ನಮಗುಂಟು, ಅವರಿಗಿಲ್ಲ, ನಿಜ. ಅದನ್ನು ಕಳೆದರೂ ನಡುವೆ ಉಳಿಯುವ ಅಂತರವನ್ನು ಒಳ್ಳೆಯ ಯಂತ್ರದಿಂದಾಗಲಿ, ಒಳ್ಳೆಯ ಕೆಲಸಗಾರನಿಂದಾಗಲಿ ತುಂಬಲು ಆಗುತ್ತಿರಲಿಲ್ಲ. ಹಾಳೆ ಮಡಚಿಡುತ್ತಾ ಅವರು ಕೇಳಿದ್ದು ಒಂದೇ ಮಾತು: “ಆಡಿಟ್ರೇ, ನಾನೀಗ ಯಾರ ಮೇಲೆ ಕಂಪ್ಲೇಂಟ್ ಕೊಡ್ಲಿ?”

2008ರ ಬಜೆಟ್ಟಿನಲ್ಲಿ ಔಷಧಿಯ ಎಕ್ಸೈಸ್ ಶೇ 8ಕ್ಕೆ ಇಳಿಯಿತು. ಅಷ್ಟರಲ್ಲಿ ಅವರ ಆರ್ಡರುಗಳು ಉತ್ತರದ ರೈಲು ಹತ್ತಿಯಾಗಿತ್ತು.

ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರ ಇರಲಿಲ್ಲ. ಈ ವಿಚಾರ ಸಂಕಿರಣದ ಎರಡು ದಿನ ನಾವು ಕೂತಿರುವುದೂ ಅದೇ ಪ್ರಶ್ನೆಯ ಮುಂದೆ ಎಂದುಕೊಂಡಿದ್ದೇನೆ. ಸರ್ಕಾರ ಉದ್ಯಮಕ್ಕೆ ನೆರವಾಗಬಾರದು ಎನ್ನುವ ಪಂಥ ನನ್ನದಲ್ಲ. ನೆರವಿನಿಂದ ಪೆಟ್ಟು ತಿಂದವನಿಗೆ ತಟ್ಟಲು ಒಂದು ಬಾಗಿಲೂ ಇಲ್ಲದಿರುವುದು ನನ್ನ ತಕರಾರು.

ಬಾಗಿಲು ಹುಡುಕೋಣ. 2002ರ ಸ್ಪರ್ಧಾ ಕಾಯ್ದೆ ಇದೆ. ಬೆಲೆ ಕೂಡಿ ನಿಗದಿ ಮಾಡಿದರೆ ಅದು ಹಿಡಿಯುತ್ತದೆ, ಮಾರುಕಟ್ಟೆಯ ಬಲ ದುರುಪಯೋಗವಾದರೆ ಹಿಡಿಯುತ್ತದೆ. ಸರ್ಕಾರವೇ ತೆರಿಗೆ ಬಿಟ್ಟು ಒಬ್ಬನನ್ನು ಮುಂದೆ ತಳ್ಳಿದರೆ ಅದನ್ನು ಕೇಳುವ ಅಧಿಕಾರ ಸ್ಪರ್ಧಾ ಆಯೋಗಕ್ಕಿಲ್ಲ. ಅಭಿಪ್ರಾಯ ಹೇಳಬಹುದು, ಅಷ್ಟೆ. ಸಂವಿಧಾನದ 301ನೇ ವಿಧಿ ದೇಶದೊಳಗೆ ವ್ಯಾಪಾರ ಮುಕ್ತವಾಗಿರಬೇಕು ಎನ್ನುತ್ತದೆ. ಜಮ್ಮು ಮತ್ತು ಕಾಶ್ಮೀರ ತನ್ನ ಎಣ್ಣೆ ಗಿರಣಿಗಳಿಗೆ ಮಾತ್ರ ಮಾರಾಟ ತೆರಿಗೆ ಬಿಟ್ಟಾಗ 1996ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತ್ತು. ಆದರೆ 2016ರ ನವೆಂಬರಿನಲ್ಲಿ ಜಿಂದಾಲ್ ಸ್ಟೇನ್‌ಲೆಸ್ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತದಿಂದ, ಹಿಂದುಳಿದ ಪ್ರದೇಶದ ಉದ್ದಿಮೆಗೆ ಸೀಮಿತ ಅವಧಿಗೆ ರಿಯಾಯಿತಿ ಕೊಟ್ಟರೆ ಅದು ತಾರತಮ್ಯವಲ್ಲ ಎಂದು ದಾರಿ ಬಿಟ್ಟುಕೊಟ್ಟಿತು.

ಈಗ ಜಿನೀವಾಕ್ಕೆ ಬನ್ನಿ. ನಮ್ಮ ವಿಶೇಷ ಆರ್ಥಿಕ ವಲಯಗಳ (ಎಸ್‌ಇಝಡ್) ತೆರಿಗೆ ರಜೆ, ರಫ್ತು ಪ್ರೋತ್ಸಾಹಗಳಿಂದ ತನಗೆ ಅನ್ಯಾಯವಾಗಿದೆ ಎಂದು ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2019ರ ಅಕ್ಟೋಬರ್ 31ರಂದು ಪಂಚಾಯ್ತಿ ಬಹುಪಾಲು ಅದರ ಕಡೆಗೇ ಆಯಿತು. ನಾವು ಮೇಲ್ಮನವಿ ಹಾಕಿದೆವು, ಕೇಳುವ ಪೀಠವೇ ಕೆಲಸ ನಿಲ್ಲಿಸಿದ್ದರಿಂದ ಅದು ಹಾಗೇ ಕೂತಿತ್ತು, 2023ರಲ್ಲಿ ಎರಡೂ ದೇಶಗಳು ರಾಜಿಯಾಗಿ ವ್ಯಾಜ್ಯ ಮುಗಿಸಿಕೊಂಡವು. ಐರೋಪ್ಯ ಒಕ್ಕೂಟದಲ್ಲಿ ಐರ್ಲೆಂಡ್ ಆಪಲ್‌ಗೆ ಮಾಡಿಕೊಟ್ಟ ತೆರಿಗೆ ಸಲೀಸನ್ನು ಅಕ್ರಮ ನೆರವು ಎಂದು 2016ರಲ್ಲಿ ತೀರ್ಮಾನಿಸಿದರು. 13 ಶತಕೋಟಿ ಯೂರೋ ವಸೂಲಿ ಮಾಡಿಕೋ ಎಂದರೆ ಐರ್ಲೆಂಡೇ ಬೇಡವೆಂದು ಎಂಟು ವರ್ಷ ಕೋರ್ಟಿಗೆ ಅಲೆದು, 2024ರಲ್ಲಿ ಸೋತು, ದುಡ್ಡು ತೆಗೆದುಕೊಳ್ಳಬೇಕಾಯಿತು. ನಗು ಬರುತ್ತದೆ. ಆದರೂ ಅಲ್ಲಿ ದೂರು ಕೊಡುವ ಒಂದು ಮೇಜಾದರೂ ಇದೆ. ನಮ್ಮ ತೆರಿಗೆ ರಜೆಯ ವಿರುದ್ಧ ಅಮೆರಿಕ ದೂರಬಹುದು, ಪೀಣ್ಯದವನು ದೂರುವಂತಿಲ್ಲ.

ಬದ್ದಿಯನ್ನು ಬೈದು ಕೈತೊಳೆದುಕೊಳ್ಳುವ ಹಕ್ಕು ಬೆಂಗಳೂರಿಗಂತೂ ಇಲ್ಲ. ಆದಾಯ ತೆರಿಗೆ ಕಾಯ್ದೆಯ 10ಎ, 10ಬಿ ಕಲಮುಗಳ ಹಣ್ಣನ್ನು 2011ರ ಮಾರ್ಚ್ 31ರವರೆಗೆ ಹೊಟ್ಟೆತುಂಬ ತಿಂದ ಊರು ಇದು. ಆಗ ವಿದೇಶಕ್ಕೆ ಸಾಫ್ಟ್‌ವೇರ್ ಬರೆದರೆ ಲಾಭಕ್ಕೆ ತೆರಿಗೆ ಇರಲಿಲ್ಲ. ದಾವಣಗೆರೆಯ ಸಹಕಾರಿ ಬ್ಯಾಂಕಿಗೆ ಬರೆದುಕೊಟ್ಟರೆ ಪೂರ್ತಿ ತೆರಿಗೆ. ಇಬ್ಬರೂ ಒಂದೇ ಗಿರಾಕಿಗೆ ಮಾರುವವರಲ್ಲವಲ್ಲ, ಪೈಪೋಟಿ ಎಲ್ಲಿಂದ ಬಂತು ಎನ್ನಬಹುದು. ಮಾರುವಾಗ ಇರಲಿಲ್ಲ, ಕೆಲಸಕ್ಕೆ ಜನ ಹಿಡಿಯುವಾಗ ಇತ್ತು. ಅದೇ ಕಾಲೇಜಿನಿಂದ ಹೊರಬಿದ್ದ ಅದೇ ಹುಡುಗನಿಗೆ ಇಬ್ಬರೂ ಸಂಬಳ ಹೇಳಬೇಕಿತ್ತು. ಯಾರ ಕೈ ಮೇಲಾಯಿತು ಎಂದು ಬೇರೆ ಹೇಳಬೇಕಿಲ್ಲ. ಕನ್ನಡದ ಊರಿಗೆ ಬೇಕಾದ ಸಾಫ್ಟ್‌ವೇರ್ ಬರೆಯುವವರು ಬೆಂಗಳೂರಿನಲ್ಲಿ ಬಡವರಾಗಿಯೇ ಉಳಿದದ್ದರಲ್ಲಿ ಇದರ ಪಾಲೆಷ್ಟು? ಒಬ್ಬರಾದರೂ ಪಿಎಚ್‌ಡಿ ವಿದ್ಯಾರ್ಥಿ ಇದನ್ನು ಕೈಗೆತ್ತಿಕೊಳ್ಳಲಿ ಎಂದು ಆಸೆ.

ರಾಜ್ಯ ರಾಜ್ಯಗಳ ಜಗಳದ ಕಥೆ ನಿಮಗೆ ಗೊತ್ತಿರುವುದೇ. ಮಾರಾಟ ತೆರಿಗೆಯ ಆಮಿಷ ನಿಲ್ಲಿಸುತ್ತೇವೆಂದು 1999ರ ನವೆಂಬರಿನಲ್ಲಿ ಮುಖ್ಯಮಂತ್ರಿಗಳೆಲ್ಲ ಒಪ್ಪಿದ್ದರು. ಒಂಬತ್ತು ವರ್ಷಕ್ಕೆ ನ್ಯಾನೋ ಕಾರಿನ ಕಾರ್ಖಾನೆ ಪಶ್ಚಿಮ ಬಂಗಾಳದ ಸಿಂಗೂರು ಬಿಟ್ಟಾಗ ಕರ್ನಾಟಕವೂ ಸೇರಿ ಎಷ್ಟು ರಾಜ್ಯಗಳು ಆರತಿ ತಟ್ಟೆ ಹಿಡಿದು ನಿಂತವು ಎಂದು ನೆನಪಿಸಿಕೊಳ್ಳಿ. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ವಿನಾಯಿತಿ ಹೋಗಿ ‘ಮರುಪಾವತಿ’ ಬಂತು. ಬೆಟ್ಟದ ರಾಜ್ಯಗಳ ಹಳೆಯ ಘಟಕಗಳಿಗೆ ಅವು ನಗದಾಗಿ ಕಟ್ಟಿದ ಕೇಂದ್ರ ಜಿಎಸ್‌ಟಿಯಲ್ಲಿ ಶೇ 58, ಐಜಿಎಸ್‌ಟಿಯಲ್ಲಿ ಶೇ 29 ವಾಪಸ್. ಆಗ ಕೇಂದ್ರದ ತೆರಿಗೆಯಲ್ಲಿ ಶೇ 42 ರಾಜ್ಯಗಳಿಗೆ ಹಂಚಿಹೋಗುತ್ತಿತ್ತು, ತನ್ನ ಪಾಲಿನದನ್ನು ಮಾತ್ರ ಕೊಡುತ್ತೇನೆ ಎಂಬ ಲೆಕ್ಕ ಅದು.

ಇವತ್ತಿನ ಒಂದು ಲೆಕ್ಕ ನೋಡಿ. 2019ರ ಸೆಪ್ಟೆಂಬರಿನಲ್ಲಿ ಕಂಪನಿ ತೆರಿಗೆ ಇಳಿಸಿದಾಗ, ಬೇರೆ ರಿಯಾಯಿತಿ ಬಿಟ್ಟುಕೊಡುವ ಕಂಪನಿಗೆ ಶೇ 22, ಆ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿ, ಆಮೇಲೆ ವಿಸ್ತರಿಸಿದ ಗಡುವಿನಂತೆ 2024ರ ಮಾರ್ಚ್ ಮುಗಿಯುವುದರೊಳಗೆ ಉತ್ಪಾದನೆ ಶುರು ಮಾಡಿದ ಕಂಪನಿಗೆ ಶೇ 15. ಸರ್ಚಾರ್ಜು, ಸೆಸ್ಸು ಸೇರಿಸಿದರೆ 25.17 ಮತ್ತು 17.16. ಒಂದೇ ರಸ್ತೆಯಲ್ಲಿ ಎದುರುಬದುರು ಎರಡು ಶೆಡ್, ಒಂದೇ ಲೇತ್, ಒಂದೇ ಬೋಲ್ಟು. ನೂರು ರೂಪಾಯಿ ಲಾಭದಲ್ಲಿ ಹೊಸಬನ ಕೈಯಲ್ಲಿ ಪ್ರತಿವರ್ಷ ಎಂಟು ರೂಪಾಯಿ ಹೆಚ್ಚು ಉಳಿಯುತ್ತದೆ. ಅದನ್ನು ಮತ್ತೆ ಯಂತ್ರಕ್ಕೆ ಹಾಕುತ್ತಾನೆ. ಪಕ್ಕದಲ್ಲಿ ಅಣ್ಣ ತಮ್ಮಂದಿರ ಪಾಲುದಾರಿಕೆ ಸಂಸ್ಥೆಯೊಂದಿದ್ದರೆ ಅದಕ್ಕೆ ಸೆಸ್ ಸೇರಿ ಶೇ 31.2. ಕಂಪನಿ ಲಾಭಾಂಶಕ್ಕೆ ಷೇರುದಾರನ ಕೈಯಲ್ಲಿ ಮತ್ತೆ ತೆರಿಗೆ ಉಂಟಲ್ಲ ಎಂದು ಮುಂದಿನ ಸಾಲಿನಲ್ಲಿ ಯಾರೋ ಗೊಣಗುತ್ತಿದ್ದಾರೆ. ಉಂಟು, ಹೊರಗೆ ತೆಗೆದರೆ ಉಂಟು. ಬೆಳೆಯುವವನು ತೆಗೆಯುವುದಿಲ್ಲ. ಎರಡು ಕಂಪನಿಗಳ ನಡುವಣ ಎಂಟು ರೂಪಾಯಿಗೆ ಆ ಸಮಜಾಯಿಷಿಯೂ ಸಾಲದು. ಅಲ್ಲಿ ಇರುವುದು ಜನ್ಮದಿನದ ವ್ಯತ್ಯಾಸ ಮಾತ್ರ.

ನನಗೆ ತೋಚುವ ಅಳತೆ ಇಷ್ಟು. ಸಂಶೋಧನೆ ಮಾಡಿದವನಿಗೆ, ಕಲುಷಿತ ನೀರು ಶುದ್ಧ ಮಾಡಿ ಬಿಟ್ಟವನಿಗೆ ರಿಯಾಯಿತಿ ಕೊಡಿ. ಹಳಬನೂ ಆ ಕೆಲಸ ಮಾಡಿ ಪಡೆಯಬಹುದು. ಹುಟ್ಟಿದ ದಿನಾಂಕಕ್ಕೆ ಕೊಟ್ಟರೆ ಹಳಬ ಏನು ಮಾಡಿ ಪಡೆಯಲಿ? ಪ್ರದೇಶಕ್ಕೆ ಕೊಡುವುದು ಇವೆರಡರ ನಡುವೆ ಬರುತ್ತದೆ, ತಕರಾರೂ ಅಲ್ಲೇ ಹೆಚ್ಚು. ನಂಜುಂಡಪ್ಪ ಸಮಿತಿ 2002ರಲ್ಲಿ ಅತ್ಯಂತ ಹಿಂದುಳಿದವು ಎಂದು ಗುರುತಿಸಿದ 39 ತಾಲ್ಲೂಕುಗಳಿಗೆ ಕಾರ್ಖಾನೆ ಬರಲೆಂದು ತೆರಿಗೆ ಬಿಟ್ಟರೆ ನಾನು ಚಕಾರ ಎತ್ತುವುದಿಲ್ಲ. ಅದೇ ಹೆಸರಿನಲ್ಲಿ ಗಡಿ ದಾಟಿದ ಕೂಡಲೇ ಸಿಗುವ ಜಾಗಕ್ಕೆ ಬಿಟ್ಟರೆ ಎತ್ತುತ್ತೇನೆ.

2006ರಿಂದ ಕೇಂದ್ರ ಬಜೆಟ್ಟಿನ ಜೊತೆ ಬಿಟ್ಟ ತೆರಿಗೆಯ ಲೆಕ್ಕ ಅಚ್ಚಾಗುತ್ತಿದೆ. ಖಜಾನೆಗೆ ಬರದೆ ಹೋದದ್ದು ಎಷ್ಟು ಕೋಟಿ ಎಂಬುದು ಅದರಲ್ಲಿದೆ. ಆ ಕೋಟಿಗಳ ಎದುರು ನಿಂತು ಶೆಟರ್ ಎಳೆದವರು ಯಾರು ಎಂಬ ಕಾಲಂ ಇಲ್ಲ. ಅದನ್ನು ತುಂಬಲು ದೆಹಲಿಯ ಅಂಕಿಅಂಶ ಬೇಡ. ನಿಮ್ಮ ನಿಮ್ಮ ಕಾಲೇಜಿನ ಹತ್ತಿರದ ಕೈಗಾರಿಕಾ ಪ್ರದೇಶಕ್ಕೆ, ಹಾಜರಾತಿಗಾಗಿಯಾದರೂ ಹಿಂದಿನ ಸಾಲು ತುಂಬಿಸಿರುವ ಈ ವಿದ್ಯಾರ್ಥಿಗಳನ್ನು ಕಳಿಸಿ. ಮುಚ್ಚಿದ ಶೆಡ್ಡುಗಳ ಪಟ್ಟಿ ಮಾಡಲಿ. ಕೊನೆಯ ಆರ್ಡರ್ ಎಲ್ಲಿಗೆ ಹೋಯಿತು ಎಂದು ಮಾಲೀಕರನ್ನು ಕೇಳಲಿ. ಸೋಮಾರಿತನದಿಂದ ಮುಚ್ಚಿದವರೂ ಸಿಗುತ್ತಾರೆ, ಅದನ್ನೂ ಬರೆದುಕೊಳ್ಳಲಿ. ನನ್ನ ಕ್ಲೈಂಟಿನ ಶೆಡ್ ಈಗ ಕೊರಿಯರ್ ಗೋಡೌನ್ ಆಗಿದೆ. ಬಾಡಿಗೆ ಚೆನ್ನಾಗಿ ಬರುತ್ತದಂತೆ. ಹೋದ ಸಲ ಸಿಕ್ಕಾಗ ಅವರು ಜೇಬಿನಿಂದ ತೆಗೆದು ನುಂಗಿದ ಬಿಪಿ ಮಾತ್ರೆಯ ಸ್ಟ್ರಿಪ್ಪನ್ನು ನಾನೇ ಇಸಿದುಕೊಂಡು ಹಿಂದೆ ತಿರುಗಿಸಿ ನೋಡಿದೆ. ಇಬ್ಬರೂ ನಕ್ಕೆವು.

ಮೊದಲ ಗೋಷ್ಠಿಯವರು ಆಗಲೇ ಗಡಿಯಾರ ನೋಡುತ್ತಿದ್ದಾರೆ.