ಭವಿಷ್ಯ ಹೇಳಿದವರು, ಕತ್ತಿ ಎತ್ತಿದವರು



ಯುದ್ಧ ಗೆದ್ದು ಮರಳುತ್ತಿರುವ ಮ್ಯಾಕ್‌ಬೆತ್‌ಗೆ ಬಯಲಿನಲ್ಲಿ ಮೂವರು ಮಾಟಗಾತಿಯರು ಎದುರಾಗುತ್ತಾರೆ. ಗ್ಲಾಮಿಸ್‌ನ ಒಡೆಯ, ಕಾಡರ್‌ನ ಒಡೆಯ, ಮುಂದೆ ದೊರೆ ಎಂದು ಕೂಗುತ್ತಾರೆ. ಕೊಲೆಯ ಸುದ್ದಿಯನ್ನೇ ಎತ್ತುವುದಿಲ್ಲ. ಕೊಲೆಯ ಚಿತ್ರ ಮೂಡುವುದು ಮ್ಯಾಕ್‌ಬೆತ್‌ನ ತಲೆಯಲ್ಲಿ, ಅದೂ ಅದೇ ದೃಶ್ಯದಲ್ಲಿ, ಹೆಂಡತಿ ಅವನ ಕಿವಿಗೆ ಏನನ್ನೂ ಊದುವ ಮೊದಲೇ. ಅದೃಷ್ಟಕ್ಕೆ ತನ್ನನ್ನು ದೊರೆಯಾಗಿಸುವ ಮನಸ್ಸಿದ್ದರೆ ತಾನು ಕದಲದಿದ್ದರೂ ಕಿರೀಟ ಬಂದೀತು ಎಂಬ ಯೋಚನೆಯೂ ಅಲ್ಲೇ ಬಂದು ಹೋಗುತ್ತದೆ. ಎರಡೂ ದಾರಿ ಅವನ ಕಣ್ಣ ಮುಂದೆ ಇದ್ದವು. ಪಕ್ಕದಲ್ಲಿ ನಿಂತಿದ್ದ ಬ್ಯಾಂಕೋ ಕೂಡ ತನ್ನ ಪಾಲಿನ ಭವಿಷ್ಯ ಕೇಳಿಸಿಕೊಂಡ: ಅವನ ಸಂತಾನ ರಾಜ್ಯ ಆಳುತ್ತದೆ. ಆಸೆ ಅವನಿಗೂ ಹುಟ್ಟಿತು. ಆದರೆ ಅವನು ಯಾರನ್ನೂ ಕೊಲ್ಲಲಿಲ್ಲ.

ಶೇಕ್ಸ್‌ಪಿಯರ್ ಈ ಜೋಡಿಯನ್ನು ಬೇಕೆಂದೇ ಹೀಗೆ ಕಟ್ಟಿದ. ಅವನಿಗೆ ಕತೆ ಸಿಕ್ಕಿದ್ದು ಹಾಲಿನ್‌ಶೆಡ್‌ನ ಚರಿತ್ರೆಯಲ್ಲಿ. ಅಲ್ಲಿ ಬ್ಯಾಂಕೋ ದೊರೆ ಡಂಕನ್‌ನ ಕೊಲೆಯ ಸಂಚಿನಲ್ಲಿ ಪಾಲುದಾರ. ಮ್ಯಾಕ್‌ಬೆತ್ ಹತ್ತು ವರ್ಷ ಚೆನ್ನಾಗಿಯೇ ಆಳಿದ ದೊರೆ. ನಿಜವಾದ ಇತಿಹಾಸದಲ್ಲಂತೂ ಡಂಕನ್ ಸತ್ತದ್ದು 1040ರಲ್ಲಿ, ಯುದ್ಧಭೂಮಿಯಲ್ಲಿ; ಅಲ್ಲಿಂದ 1057ರವರೆಗೆ ಮ್ಯಾಕ್‌ಬೆತ್ ಸ್ಕಾಟ್ಲೆಂಡ್ ಆಳಿದ. ಸುಮಾರು 1606ರಲ್ಲಿ ಈ ನಾಟಕ ರಂಗಕ್ಕೆ ಬರುವಾಗ ಇಂಗ್ಲೆಂಡಿನ ಸಿಂಹಾಸನದ ಮೇಲೆ ಕೂತಿದ್ದವನು ಒಂದನೇ ಜೇಮ್ಸ್. ತಾನು ಬ್ಯಾಂಕೋನ ವಂಶದವನೆಂದು ನಂಬಿದ್ದವನು, 1597ರಲ್ಲಿ ಮಾಟಗಾರಿಕೆಯ ಮೇಲೆ ಪುಸ್ತಕವನ್ನೇ ಬರೆದಿದ್ದವನು. ಅಂಥ ದೊರೆಯ ಪೂರ್ವಜನನ್ನು ಕೊಲೆಗಡುಕನೆಂದು ತೋರಿಸುವಂತಿರಲಿಲ್ಲ. ರಾಜಕೀಯದ ಒತ್ತಾಯಕ್ಕೆ ಮಾಡಿದ ತಿದ್ದುಪಡಿ ನಾಟಕದ ನೈತಿಕ ತಕ್ಕಡಿಯಾಯಿತು. ಒಂದೇ ಭವಿಷ್ಯವಾಣಿ, ಇಬ್ಬರು ಕೇಳುಗರು, ಎರಡು ನಡತೆ.

ಇಂದಿನ ವಿಚಾರ ಸಂಕಿರಣದ ವಿಷಯ ವಿಧಿ, ನೀತಿ ಮತ್ತು ಪಾತ್ರ. ರಂಗದ ಮೇಲೆ ಈ ಮೂರರ ಲೆಕ್ಕ ಒಂದು ರೀತಿಯದಾದರೆ, ಅದೇ ನಾಟಕ ತೆರೆಗೆ ಬಂದಾಗ ಇನ್ನೊಂದು ರೀತಿಯದಾಗುತ್ತದೆ. ಆ ವ್ಯತ್ಯಾಸವನ್ನು ಹಿಡಿಯಲು ಎರಡು ಪ್ರಶ್ನೆ ಸಾಕು. ಭವಿಷ್ಯ ಹೇಳುವವರು ಯಾರು? ಕೃತ್ಯ ನಡೆಯುವ ಗಳಿಗೆ ನೋಡುಗರ ಕಣ್ಣಿಗೆ ಬೀಳುತ್ತದೆಯೇ?

ಎರಡನೆಯ ಪ್ರಶ್ನೆಯನ್ನು ಸೊಫೊಕ್ಲಿಸ್‌ನಿಂದ ಶುರುಮಾಡಬಹುದು. ‘ಈಡಿಪಸ್’ ನಾಟಕ ತೆರೆದುಕೊಳ್ಳುವ ಹೊತ್ತಿಗೆ ಆಗಬಾರದ್ದೆಲ್ಲ ಆಗಿಹೋಗಿರುತ್ತದೆ. ತಂದೆಯನ್ನು ಕೊಂದದ್ದು, ತಾಯಿಯನ್ನು ವರಿಸಿದ್ದು ಎಲ್ಲವೂ ಹಳೆಯ ಸಂಗತಿ. ಉಳಿದಿರುವುದು ವಿಚಾರಣೆ ಮಾತ್ರ. ಮೂರು ದಾರಿ ಕೂಡುವಲ್ಲಿ ನಡೆದ ಕೊಲೆಯನ್ನು ಪ್ರೇಕ್ಷಕರು ಮಾತಿನಲ್ಲಿ ಕೇಳುತ್ತಾರೆ. ಅದರಿಂದಾಗಿ ನೋಡುಗರ ಗಮನವೆಲ್ಲ ಸತ್ಯವನ್ನು ಬೆನ್ನಟ್ಟುವ ಛಲದ ಮೇಲೆ ನಿಲ್ಲುತ್ತದೆ. ಕೊಲೆಗಾರನಿಗಿಂತ ತನಿಖೆಗಾರನಾಗಿಯೇ ಈಡಿಪಸ್ ದೊಡ್ಡವನಾಗಿ ಕಾಣುತ್ತಾನೆ.

ಪಸೋಲಿನಿ 1967ರಲ್ಲಿ ಈ ಕತೆಯನ್ನು ಸಿನಿಮಾ ಮಾಡಿದಾಗ ಕ್ರಮವನ್ನೇ ತಿರುಗಿಸಿದ. ಮಗುವಿನ ಹುಟ್ಟಿನಿಂದ ಕುರುಡನ ಅಲೆದಾಟದವರೆಗೆ ಕತೆ ನೇರವಾಗಿ ಸಾಗುತ್ತದೆ. ದಾರಿಗಳು ಕವಲೊಡೆಯುವಲ್ಲಿ ಈಡಿಪಸ್ ಕಣ್ಣು ಮುಚ್ಚಿಕೊಂಡು ಗರಗರನೆ ತಿರುಗಿ, ನಿಂತಾಗ ಎದುರಿಗಿದ್ದ ದಾರಿಯನ್ನು ಹಿಡಿಯುತ್ತಾನೆ. ವಿಧಿಯಿಂದ ತಪ್ಪಿಸಿಕೊಳ್ಳಲು ಆಯ್ಕೆಯನ್ನೇ ಬಿಟ್ಟುಕೊಟ್ಟ ಮನುಷ್ಯ ಅವನು. ಹಾಗೆ ಹಿಡಿದ ದಾರಿ ಅವನನ್ನು ಥೀಬ್ಸ್‌ಗೇ ಒಯ್ಯುತ್ತದೆ. ಮೊರಾಕೊದಲ್ಲಿ ಚಿತ್ರೀಕರಿಸಿದ ಆ ಸುಡುಬಿಸಿಲಿನಲ್ಲಿ, ಲೈಯಸ್‌ನ ಕಾವಲುಗಾರರನ್ನು ಅವನು ಓಡಿಸಿಕೊಂಡು ಹೋಗಿ, ಏದುಸಿರು ಬಿಡುತ್ತ, ಒಬ್ಬೊಬ್ಬರನ್ನೇ ಮುಗಿಸುತ್ತಾನೆ. ಲೈಯಸ್ ತನ್ನ ತಂದೆಯೆಂದು ಇವನಿಗೆ ಗೊತ್ತಿರಲಿಲ್ಲ ಎಂಬುದು ನಿಜ. ಆದರೆ ಆ ರೋಷಕ್ಕೆ ದೈವವಾಣಿಯ ಅಪ್ಪಣೆಯೇನೂ ಇರಲಿಲ್ಲ. ನಾಟಕದಲ್ಲಿ ನಾಲ್ಕು ಸಾಲಿನಲ್ಲಿ ಜಾರಿಹೋಗಬಹುದಾದ ಮುಂಗೋಪ ಇಲ್ಲಿ ಕಣ್ಣಿಗೆ ರಾಚುತ್ತದೆ.

ಪೊಲಾನ್‌ಸ್ಕಿಯ ‘ಮ್ಯಾಕ್‌ಬೆತ್’ (1971) ಮಾಡಿದ್ದೂ ಇದನ್ನೇ. ಶೇಕ್ಸ್‌ಪಿಯರ್ ಡಂಕನ್‌ನ ಕೊಲೆಯನ್ನು ರಂಗದ ಹಿಂದೆ ಇಟ್ಟಿದ್ದ. ಪ್ರೇಕ್ಷಕರು ಕಂಡದ್ದು ಕೊಲೆಗಾರನ ರಕ್ತಸಿಕ್ತ ಕೈಗಳನ್ನು, ಕೇಳಿದ್ದು ಬಾಗಿಲು ಬಡಿಯುವ ಸದ್ದನ್ನು. ಪೊಲಾನ್‌ಸ್ಕಿ ಕ್ಯಾಮರಾವನ್ನು ಮಲಗುವ ಕೋಣೆಯೊಳಗೇ ಒಯ್ದ. ಡಂಕನ್ ಕಣ್ಣು ತೆರೆದು ಎದುರಿಗೆ ನಿಂತವನನ್ನು ನೋಡುತ್ತಾನೆ, ಆಮೇಲೆ ಕಠಾರಿ ಇಳಿಯುತ್ತದೆ. ಮ್ಯಾಕ್‌ಬೆತ್‌ನ ಎದುರಾಳಿ ಮ್ಯಾಕ್‌ಡಫ್‌ನ ಹೆಂಡತಿ ಮಕ್ಕಳ ಹತ್ಯೆಯಲ್ಲೂ ಕನಿಕರವಿಲ್ಲದ ಅದೇ ನೋಟ. ಎರಡು ವರ್ಷ ಹಿಂದೆ, 1969ರಲ್ಲಿ, ನಿರ್ದೇಶಕನ ಗರ್ಭಿಣಿ ಪತ್ನಿ ಶರಾನ್ ಟೇಟ್ ತಮ್ಮ ಮನೆಯಲ್ಲೇ ಕೊಲೆಯಾಗಿದ್ದರು. ಆ ದೃಶ್ಯದ ಬಗ್ಗೆ ಬರೆದವರು ಇದನ್ನು ಮರೆಯಲಾರದೆ ಹೋದರು. ಆದರೆ ನಾಟಕದೊಳಗಿನ ಸಂಗತಿಯೂ ಅಷ್ಟೇ ಕಠೋರ. ಮ್ಯಾಕ್‌ಡಫ್ ಆಗಲೇ ಇಂಗ್ಲೆಂಡಿಗೆ ಓಡಿಹೋಗಿದ್ದ. ಅವನ ಮಕ್ಕಳನ್ನು ಕೊಂದರೆ ಸಿಂಹಾಸನಕ್ಕೆ ಯಾವ ಭದ್ರತೆಯೂ ಸಿಗುತ್ತಿರಲಿಲ್ಲ, ಕೊಲ್ಲೆಂದು ಮಾಟಗಾತಿಯರೂ ಹೇಳಿರಲಿಲ್ಲ. ವಿಧಿಯ ಮೇಲೆ ಹೊರಿಸಲು ಏನೂ ಉಳಿಯದ ಕೊಲೆ ಅದು.

ಮೊದಲನೆಯ ಪ್ರಶ್ನೆಗೆ ಕುರೊಸಾವಾನ ‘ಥ್ರೋನ್ ಆಫ್ ಬ್ಲಡ್’ (1957) ಕೊಡುವ ಉತ್ತರ ಇನ್ನೂ ಸೂಕ್ಷ್ಮ. ಅಲ್ಲಿ ಮೂವರು ಮಾಟಗಾತಿಯರ ಬದಲು ಕಾಡಿನ ಗುಡಿಸಲಿನಲ್ಲಿ ರಾಟೆ ತಿರುಗಿಸುತ್ತ ಕೂತ ಒಂದು ಬಿಳಿಯ ಆತ್ಮವಿದೆ. ಮನುಷ್ಯರ ಆಸೆಬುರುಕತನವನ್ನು ಹಾಡಿ, ಆಮೇಲೆ ಭವಿಷ್ಯ ಹೇಳುತ್ತದೆ. ಮ್ಯಾಕ್‌ಬೆತ್‌ನ ಸ್ಥಾನದಲ್ಲಿರುವ ವಾಶಿಜು ಪಾತ್ರದ ತೊಶಿರೊ ಮಿಫುನೆಗೂ, ಅವನ ಹೆಂಡತಿ ಅಸಾಜಿ ಪಾತ್ರದ ಇಸುಜು ಯಮಾದಾಗೂ ಕುರೊಸಾವಾ ನೋ ರಂಗಭೂಮಿಯ ಮುಖವಾಡಗಳನ್ನು ಮಾದರಿಯಾಗಿ ಕೊಟ್ಟಿದ್ದ. ಮುಖಗಳು ಮುಖವಾಡಗಳಾದಾಗ ಎಲ್ಲವೂ ಮೊದಲೇ ಬರೆದಿಟ್ಟಂತೆ ಅನ್ನಿಸುತ್ತದೆ.

ಹಾಗನ್ನಿಸುವಂತೆ ಮಾಡಿ, ಕುರೊಸಾವಾ ಎರಡು ಕಡೆ ಬಾಗಿಲು ತೆರೆದಿಡುತ್ತಾನೆ. ಮಕ್ಕಳಿಲ್ಲದ ವಾಶಿಜು ತನ್ನ ಗೆಳೆಯ ಮಿಕಿಯ ಮಗನನ್ನೇ ಉತ್ತರಾಧಿಕಾರಿ ಮಾಡಲು ಒಪ್ಪಿರುತ್ತಾನೆ. ಅಷ್ಟಾಗಿದ್ದರೆ ಮಿಕಿಯ ಮಗನ ಕುರಿತ ಭವಿಷ್ಯವಾಣಿ ರಕ್ತವಿಲ್ಲದೆ ನೆರವೇರುತ್ತಿತ್ತು. ತಾನು ಬಸುರಿ ಎಂದು ಅಸಾಜಿ ಹೇಳಿದ ಮೇಲೆ ಮಿಕಿಯ ಕೊಲೆ ನಿಶ್ಚಯವಾಗುತ್ತದೆ. ಆ ಮಗು ಸತ್ತೇ ಹುಟ್ಟುತ್ತದೆ. ಕೊನೆಯಲ್ಲಿ, ಕಾಡು ನಡೆದು ಬರುವವರೆಗೂ ತನಗೆ ಸೋಲಿಲ್ಲ ಎಂಬ ಗುಟ್ಟನ್ನು ವಾಶಿಜು ತಾನೇ ಸೈನಿಕರ ಮುಂದೆ ನಗುನಗುತ್ತ ಒದರುತ್ತಾನೆ. ಮಂಜಿನಲ್ಲಿ ಕಾಡು ಕದಲಿದ್ದನ್ನು ಕಂಡ ಅದೇ ಸೈನಿಕರು ಅವನ ಮೇಲೆಯೇ ಬಾಣ ಬಿಡುತ್ತಾರೆ. ನಾಟಕದಂತೆ ಮ್ಯಾಕ್‌ಡಫ್‌ನ ಕತ್ತಿಗೆ ಅಲ್ಲ, ತಾನೇ ಹಂಚಿದ ಭವಿಷ್ಯವಾಣಿಗೆ ಅವನು ಬಲಿಯಾಗುತ್ತಾನೆ.

ವಿಶಾಲ್ ಭಾರದ್ವಾಜ್ ಅವರ ‘ಮಕ್ಬೂಲ್’ (2003) ಈ ವಿಷಯದಲ್ಲಿ ಎಲ್ಲರಿಗಿಂತ ತುಂಟ. ಮುಂಬೈ ಭೂಗತ ಜಗತ್ತಿಗೆ ತಂದ ಈ ಮ್ಯಾಕ್‌ಬೆತ್ ಕತೆಯಲ್ಲಿ ಭವಿಷ್ಯ ಹೇಳುವವರು ಇಬ್ಬರು ಪೊಲೀಸರು, ಪಂಡಿತ್ ಮತ್ತು ಪುರೋಹಿತ್. ಓಂ ಪುರಿ, ನಸೀರುದ್ದೀನ್ ಶಾ ಅವರ ಜೋಡಿ. ಮೊದಲ ದೃಶ್ಯದಲ್ಲೇ ಮಳೆಯಲ್ಲಿ ಮಂಜು ಕಟ್ಟಿದ ವ್ಯಾನಿನ ಗಾಜಿನ ಮೇಲೆ ಬೆರಳಿನಿಂದ ಜಾತಕದ ಮನೆಗಳನ್ನು ಬರೆಯುತ್ತಾರೆ. ಗುಂಪುಗಳ ನಡುವೆ ಬಲ ಸಮನಾಗಿರಬೇಕೆಂಬುದು ಅವರ ಸಿದ್ಧಾಂತ; ಗ್ರಹಗತಿ ಓದುವವರೂ ಅವರೇ, ಅದನ್ನು ನೆಟ್ಟಗೆ ನಡೆಸಿಕೊಡುವವರೂ ಅವರೇ. ವಿಧಿಗೆ ಖಾಕಿ ತೊಡಿಸಿದಂತೆ. ಹೀಗಿದ್ದೂ ಮಕ್ಬೂಲ್‌ನ ಹೊಣೆ ಕರಗುವುದಿಲ್ಲ. ಇರ್ಫಾನ್ ಖಾನ್ ಅಭಿನಯಿಸಿದ ಆ ಮನುಷ್ಯ ಆಸ್ಪತ್ರೆಯ ಗಾಜಿನಾಚೆ ತನ್ನ ಕೂಸನ್ನು ಶತ್ರುವಿನ ಹೆಂಡತಿ ಎತ್ತಿಕೊಂಡು ಮುದ್ದಿಸುವುದನ್ನು ನೋಡಿ, ಪಿಸ್ತೂಲು ಕೆಳಗೆ ಬಿಟ್ಟು ಹೊರಗೆ ನಡೆಯುತ್ತಾನೆ. ಅಲ್ಲಿ ಗುಂಡು ಕಾದಿರುತ್ತದೆ. ಇಡೀ ಚಿತ್ರದಲ್ಲಿ ಯಾರೂ ಮುನ್ನುಡಿಯದ ಒಂದೇ ಕೆಲಸ, ಆ ಪಿಸ್ತೂಲು ಬಿಟ್ಟದ್ದು.

‘ಮ್ಯಾಕ್‌ಬೆತ್’ನಿಂದ ಪ್ರೇರಿತವಾದ, ದಿಲೀಶ್ ಪೋತನ್ ಅವರ ಮಲಯಾಳಂ ಚಿತ್ರ ‘ಜೋಜಿ’ (2021) ಭವಿಷ್ಯವಾಣಿಯನ್ನೇ ಕೈಬಿಟ್ಟಿತು. ಕೇರಳದ ತೋಟದ ಮನೆ, ಮಕ್ಕಳನ್ನು ಬಿಗಿಹಿಡಿದಿಟ್ಟ ಅಪ್ಪ, ಕೋವಿಡ್ ಕಾಲದ ಮಾಸ್ಕು, ಬದಲಾಯಿಸಿಟ್ಟ ಮಾತ್ರೆಗಳು. ಫಹಾದ್ ಫಾಸಿಲ್ ಅವರ ಜೋಜಿಗೆ ದೊರೆಯಾಗುತ್ತೀಯ ಎಂದು ಯಾರೂ ಹೇಳಲಿಲ್ಲ. ಸಿಕ್ಕಿಬಿದ್ದಾಗ ಅವನು ದೂರುವುದು ಸಮಾಜವನ್ನು. ಮಾಟಗಾತಿಯರಿಲ್ಲದ ಕಾಲದಲ್ಲಿ ತಪ್ಪು ಹೊರಿಸಲು ಮನುಷ್ಯ ಬೇರೆ ಹೆಗಲು ಹುಡುಕಿಕೊಳ್ಳುತ್ತಾನೆ ಎಂಬುದನ್ನು ಆ ಚಿತ್ರ ತಣ್ಣಗೆ ತೋರಿಸುತ್ತದೆ.

ಕನ್ನಡಕ್ಕೆ ಈ ಚರ್ಚೆ ಹೊಸತಲ್ಲ. ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಬಿ.ಎಂ. ಶ್ರೀಕಂಠಯ್ಯನವರು ‘ಅಶ್ವತ್ಥಾಮನ್’ ಆಗಿಸಿದಾಗ ಚಿರಂಜೀವಿ ಎಂದು ಪುರಾಣ ಹೇಳಿದ ಪಾತ್ರ ರಂಗದ ಮೇಲೆ ಸಾಯಬೇಕಾಯಿತು. ಅವಮಾನದ ಭಾರ ವರಕ್ಕಿಂತ ದೊಡ್ಡದಾಯಿತು. ಪುರಾಣವನ್ನು ಬಲ್ಲವರು ತಕರಾರು ತೆಗೆದದ್ದು ಸಹಜವೇ. ಡಿವಿಜಿ ಮತ್ತು ರಾಮಚಂದ್ರ ದೇವ ‘ಮ್ಯಾಕ್‌ಬೆತ್’ ಅನ್ನೂ, ಲಂಕೇಶರು ‘ಈಡಿಪಸ್’ ಅನ್ನೂ ಕನ್ನಡಿಸಿದರು. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗೆ ‘ಮ್ಯಾಕ್‌ಬೆತ್’ ಅನ್ನು ‘ಬರ್ನಮ್ ವನ’ವಾಗಿ ಹಿಂದಿಯಲ್ಲಿ ಆಡಿಸುವಾಗ ಯಕ್ಷಗಾನದ ಹೆಜ್ಜೆಗಳನ್ನು ತಂದರು. ‘ಮ್ಯಾಕ್‌ಬೆತ್’ನ ರೂಪಾಂತರವಾದ ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’ವನ್ನು ಹುಲುಗಪ್ಪ ಕಟ್ಟೀಮನಿಯವರ ನಿರ್ದೇಶನದಲ್ಲಿ ಜೈಲಿನ ಕೈದಿಗಳೇ ಆಡಿದರು. ಅಪರಾಧ, ಶಿಕ್ಷೆ ಎರಡನ್ನೂ ಬಲ್ಲ ನಟನ ಬಾಯಲ್ಲಿ ಕೊಲೆಗಾರ ದೊರೆಯ ಪಶ್ಚಾತ್ತಾಪ ಬಂದಾಗ, ಎಲ್ಲ ಹಣೆಬರಹ ಎಂದು ಕೈತೊಳೆದುಕೊಳ್ಳುವುದು ಪ್ರೇಕ್ಷಕರಿಗೂ ಸುಲಭವಲ್ಲ.

ರೂಪಾಂತರದ ಮೇಲಿನ ಪ್ರಬಂಧಗಳು ಮೂಲದಲ್ಲಿ ಏನಿತ್ತು, ಚಿತ್ರದಲ್ಲಿ ಏನು ಬಿಟ್ಟರು ಎಂಬ ಪಟ್ಟಿಯಲ್ಲೇ ಮುಗಿದುಹೋಗುವುದುಂಟು. ಈ ಸಂಕಿರಣದ ಗೋಷ್ಠಿಗಳು ಅಲ್ಲಿಗೆ ನಿಲ್ಲಬಾರದು. ಪ್ರಬಂಧಕಾರರು ಒಂದೊಂದು ದೃಶ್ಯವನ್ನಾದರೂ ಹತ್ತಿರದಿಂದ ನೋಡಲಿ: ಪಾತ್ರಕ್ಕೆ ಆ ಗಳಿಗೆಯಲ್ಲಿ ಏನು ಗೊತ್ತಿತ್ತು, ಬೇರೆ ದಾರಿ ತೆರೆದಿತ್ತೇ, ಅದೇ ಭವಿಷ್ಯ ಕೇಳಿದ ಇನ್ನೊಬ್ಬರು ಏನು ಮಾಡಿದರು. ವಿದ್ಯಾರ್ಥಿಗಳು ಸಿನಿಮಾ ನೋಡುವ ಮೊದಲು ನಾಟಕವನ್ನು ಕನ್ನಡ ಅನುವಾದದಲ್ಲೇ ಒಮ್ಮೆ ಗಟ್ಟಿಯಾಗಿ ಓದಲಿ. ಚಿತ್ರಕತೆ ಬರೆಯುವವರು ಈ ಸಭೆಯಲ್ಲಿದ್ದರೆ, ಗ್ರಂಥಾಲಯಗಳಲ್ಲಿ ಕೂತಿರುವ ಈ ಕನ್ನಡ ನಾಟಕಗಳನ್ನು ಕೆಳಗಿಳಿಸಿ ತೆರೆಗೆ ತರುವ ಯೋಚನೆ ಮಾಡಲಿ.