ಕಾಳಿ ಎಂಬ ನಾಯಿಯ ಪಾಠ

ಇಂದು ಶಿಕ್ಷಣ ಪದವಿ ಪಡೆದು ನಾಳೆ ಸೀಮೆಸುಣ್ಣ ಹಿಡಿಯಲಿರುವ ಗೆಳೆಯರೇ,

ಮಂಡ್ಯ ಸೀಮೆಯ ಒಂದು ಶಾಲೆಗೆ ಮೇಷ್ಟ್ರಾಗಿ ಹೋದ ಮೊದಲ ವರ್ಷ ಐದನೇ ತರಗತಿಗೆ ರಾಷ್ಟ್ರಕೂಟರ ಪಾಠ ಮಾಡಿದೆ. ಬೋರ್ಡಿನ ತುಂಬ ಇಸವಿ, ವಂಶಾವಳಿ. ಕಿಟಕಿಯಾಚೆ ಕಬ್ಬಿನ ಗಾಡಿ ಹೋಯಿತು, ಮಕ್ಕಳೆಲ್ಲರ ಕಣ್ಣೂ ಅದರ ಹಿಂದೆಯೇ ಹೋಯಿತು. ರಾಷ್ಟ್ರಕೂಟ ದೊರೆ ಮೂರನೇ ಕೃಷ್ಣ ಬೋರ್ಡಿನ ಮೇಲೆ ಒಬ್ಬನೇ ಉಳಿದ.

ಮರುದಿನ ಪುಸ್ತಕ ಮುಚ್ಚಿಟ್ಟು, "ಒಂದು ನಾಯಿ ಇತ್ತು, ಅದರ ಹೆಸರು ಕಾಳಿ" ಅಂದೆ. ಗದ್ದಲ ನಿಂತಿತು.

ಈ ಕಥೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನದ್ದು. 949ರ ಸುಮಾರಿಗೆ ತಕ್ಕೋಲದಲ್ಲಿ ಮೂರನೇ ಕೃಷ್ಣನಿಗೂ ಚೋಳರಿಗೂ ಯುದ್ಧವಾಯಿತು. ಕೃಷ್ಣನ ಕಡೆ ಗಂಗರ ಬೂತುಗನಿದ್ದ. ಚೋಳ ರಾಜಾದಿತ್ಯ ಮಡಿದ. ಬೂತುಗನ ಬಂಟ ಮಣಲೇರನ ಕಾದಾಟಕ್ಕೆ ದೊರೆ ಮೆಚ್ಚಿ "ಏನು ಬೇಕೋ ಕೇಳು" ಅಂದಾಗ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೊಮ್ಮೆ ಆ ನಾಯಿಯನ್ನು ಕಾಡುಹಂದಿಯ ಮೇಲೆ ಬಿಟ್ಟರು. ಎರಡೂ ಕಚ್ಚಾಡಿ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಕಲ್ಲಿನ ಮೇಲೆ ನಾಯಿ, ಹಂದಿ ಇವತ್ತಿಗೂ ಕಾದಾಡುತ್ತಿವೆ.

ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದಳು. "ಸಾ, ಕಾಳಿ ಸತ್ತಾಗ ಮಣಲೇರ ಅತ್ನಾ?"

"ಅಳದೆ ಇರ್ತಾನಾ? ಮೂರು ದಿನ ಊಟ ಬಿಟ್ಟಿದ್ದ."

"ಅದೂ ಕಲ್ಲಲ್ಲಿ ಬರ್ದಿದ್ದಾರಾ ಸಾ?"

ಸಿಕ್ಕಿಬಿದ್ದೆ. "ಇಲ್ಲ ಕಣವ್ವ, ಅದು ನಾನು ಸೇರಿಸಿದ್ದು" ಅಂತ ಒಪ್ಪಿಕೊಂಡೆ. ಬಿ.ಎಡ್. ಮಾಡುವಾಗ ಯಾರೂ ನನ್ನನ್ನು ಕೇಳದ ಪ್ರಶ್ನೆ ಅದು.

ಅಂದಿನಿಂದ ಬೋರ್ಡಿನ ಮಧ್ಯೆ ಗೆರೆ ಎಳೆದೆ. ಎಡಗಡೆ ಕಲ್ಲು ಹೇಳಿದ್ದು, ಬಲಗಡೆ ನಾವು ಊಹಿಸಿದ್ದು. ಮಕ್ಕಳು ಬಲಗಡೆ ಬೇಕಾದಷ್ಟು ತುಂಬುತ್ತಿದ್ದರು; ಎಡಗಡೆ ಒಂದು ಸಾಲು ಬರೆಯಬೇಕಾದರೂ ಜಗಳ. ಈ ಸೀಮೆಯ ಬಂಟ ಅರಕ್ಕೋಣಂ ಹತ್ತಿರದ ತಕ್ಕೋಲಕ್ಕೆ ಯಾಕೆ ಹೋದ ಅಂತ ಅವರೇ ಕೇಳಿದಾಗ ರಾಷ್ಟ್ರಕೂಟರು, ಗಂಗರು, ಚೋಳರು ಮೂವರನ್ನೂ ಹೇಳಲೇಬೇಕಾಯಿತು. ವಂಶಾವಳಿ ಆಗ ಯಾರಿಗೂ ಬೇಜಾರಾಗಲಿಲ್ಲ.

ಕಥೆಯಿಂದ ಇತಿಹಾಸ ಕೆಡುತ್ತದೆ ಅನ್ನುವವರ ಅಂಜಿಕೆ ಸುಳ್ಳಲ್ಲ. ಗೆರೆ ಇಲ್ಲದ ಕಥೆ ಎಂಟು ವರ್ಷದ ಮಗುವಿನ ತಲೆಯಲ್ಲಿ ಸಾವಿರ ವರ್ಷದ ಹಗೆಯನ್ನೂ ಬಿತ್ತಬಲ್ಲದು. ಹಾಗಂತ ಕಥೆಯನ್ನೇ ಬಿಟ್ಟರೆ ಮಕ್ಕಳು ಕಬ್ಬಿನ ಗಾಡಿಯ ಹಿಂದೆ ಹೋಗುತ್ತಾರೆ, ತಪ್ಪು ಅವರದಲ್ಲ.

ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಾಲಾ ಪ್ರವಾಸಕ್ಕೆ ಬಂದಾಗ ಅದರ ಮುಂದೆ ಹತ್ತು ನಿಮಿಷ ನಿಲ್ಲಿ. ನೀವು ಕೆಲಸಕ್ಕೆ ಸೇರುವ ಊರಿನಲ್ಲೂ ಒಂದು ವೀರಗಲ್ಲು ಇದ್ದೀತು, ಗುಡಿಯ ಹಿಂದೆಯೋ, ಕೆರೆ ಏರಿಯ ಮೇಲೋ, ಬಟ್ಟೆ ಒಗೆಯುವ ಕಲ್ಲಾಗಿಯೋ. ಮೊದಲ ವಾರವೇ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನು ಹುಡುಕಿ.