ತೂಕದ ಮಾತು, ಮಾತಿನ ತೂಕ



ನಾವು ಕನ್ನಡಿಗರು ಬಹಳ ದಿನದ ಮೇಲೆ ಸಿಕ್ಕವರನ್ನು ಮಾತಾಡಿಸೋದೇ "ಏನ್ರೀ, ಸ್ವಲ್ಪ ದಪ್ಪ ಆಗಿದೀರಲ್ಲಾ" ಅಂತ. ಇಲ್ಲಾಂದ್ರೆ "ಯಾಕೆ ಹಿಂಗೆ ಸೊರಗಿದೀರಿ" ಅಂತ. ಹೊಟ್ಟೆ ತುಂಬ ಊಟ ಸಿಗೋದೇ ಕಷ್ಟ ಇದ್ದ ಕಾಲದಲ್ಲಿ "ಮೈಕೈ ತುಂಬಿಕೊಂಡಿದೀಯ" ಅನ್ನೋದು ಸಂತೋಷದ ಮಾತೇ ಆಗಿತ್ತು. ಆದರೆ ಇವತ್ತು ಅದನ್ನು ಕೇಳೋ ಮಗು ಬೇರೆ. ಇಲ್ಲಿ ನೆದರ್ಲ್ಯಾಂಡ್ಸಿನಲ್ಲಿ ಯುವಕರ ಸರಾಸರಿ ಎತ್ತರ ಸುಮಾರು 183 ಸೆಂ.ಮೀ. ಅಂಥಾ ಉದ್ದುದ್ದ ಜನರ ನಡುವೆ ಬೆಳೀತಾ, ಮೊಬೈಲಿನಲ್ಲಿ ತಿದ್ದಿ ತೀಡಿದ ಫೋಟೋ ನೋಡ್ತಾ, ದಿನಾ ತನ್ನನ್ನು ತಾನೇ ಅಳೆದುಕೊಳ್ಳೋ ಮಗು ಅದು.

ನನ್ನ ಮಗಳಿಗೆ ಹನ್ನೆರಡು ವರ್ಷ. ಒಂದು ಭಾನುವಾರ ಊರಿಂದ ವಿಡಿಯೋ ಕಾಲ್ ಮಾಡಿದ ನಮ್ಮ ದೊಡ್ಡಮ್ಮ ಪ್ರೀತಿಯಿಂದಲೇ "ಏನೇ ಪುಟ್ಟಿ, ಗುಂಡಗುಂಡಗೆ ಆಗಿದೀಯಲ್ಲೇ!" ಅಂದ್ರು. ಆಮೇಲಿಂದ ಊರಿನ ಕಾಲ್ ಬಂದ್ರೆ ಸಾಕು, "ಹೋಂವರ್ಕ್ ಇದೆ" ಅಂತ ಅವಳು ಮಹಡಿ ಹತ್ತುತ್ತಾಳೆ. ವಾರಕ್ಕೊಮ್ಮೆ ಅವಳ ಕಿವಿಗೆ ಬೀಳೋ ಊರಿನ ಕನ್ನಡ ಅಷ್ಟೇ. ಅದೂ ಮೈ ತೂಗೋ ಮಾತಾದ್ರೆ, ಕನ್ನಡ ಅಂದ್ರೇನೇ ಮುಜುಗರ ಅನ್ನಿಸದೇ ಇರುತ್ತಾ?

ಹಾಗಂತ ತೂಕದ ವಿಷಯಾನೇ ಎತ್ತಬೇಡಿ ಅಂತ ನಾನು ಹೇಳ್ತಿಲ್ಲ. ನಮ್ಮವರಿಗೆ ಸಕ್ಕರೆ ಕಾಯಿಲೆ ಕಡಿಮೆ ತೂಕದಲ್ಲೇ ಅಂಟಿಕೊಳ್ಳುತ್ತೆ. ದೊಡ್ಡವರ ಬಿಎಂಐ 25 ದಾಟಿದ್ರೆ ತೂಕ ಹೆಚ್ಚು ಅನ್ನೋದು ಸಾಮಾನ್ಯ ಲೆಕ್ಕ. ಏಷ್ಯಾದವರು 23ಕ್ಕೇ ಎಚ್ಚರ ಆಗೋದು ಒಳ್ಳೇದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲೇ ಹೇಳಿದ್ದಾರೆ. ಮಕ್ಕಳ ಲೆಕ್ಕವೇ ಬೇರೆ. ಸುರಿನಾಮಿನಿಂದ ಬಂದ ಹಿಂದುಸ್ತಾನಿ ಮನೆತನಗಳ ಮಕ್ಕಳಿಗಾಗಿ ಈ ದೇಶದಲ್ಲಿ ಬೇರೆಯದೇ ಬೆಳವಣಿಗೆಯ ನಕ್ಷೆ ಇದೆ. ನಮ್ಮ ಮಕ್ಕಳನ್ನು ತೂಗುವಾಗ ಅದನ್ನೂ ನೋಡ್ತೀರಾ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಿ.

ಇನ್ನೊಂದು ಮಾತು. ಈ ಬಿಎಂಐ ಲೆಕ್ಕದ ಬೇರು ಇರೋದು ಪಕ್ಕದ ಬೆಲ್ಜಿಯಮ್ಮಿನಲ್ಲಿ. ಗೆಂಟ್ ಊರಿನಲ್ಲಿ ಹುಟ್ಟಿದ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ಇದನ್ನು ಹುಡುಕಿದ್ದು ಜನಸಮೂಹದ ಸರಾಸರಿ ತಿಳಿಯೋಕೆ, ಒಬ್ಬೊಬ್ಬರ ಆರೋಗ್ಯ ಅಳೆಯೋಕಲ್ಲ. ಡಾಕ್ಟರಿಗೇ ಈ ಅಂಕಿ ಒಂದು ಸುಳಿವು ಅಷ್ಟೇ. ಹಾಗಿರುವಾಗ ಬರೀ ಕಣ್ಣಲ್ಲಿ ನೋಡಿ ತೀರ್ಪು ಕೊಡೋಕೆ ನಾವ್ಯಾರು ಹೇಳಿ?

ತೂಕದ ಲೆಕ್ಕ ಡಾಕ್ಟರ ಕೋಣೆಯಲ್ಲಿರಲಿ. ಮಕ್ಕಳನ್ನು ಮಾತಾಡಿಸುವಾಗ "ಏನು ಆಡಿದೆ? ಏನು ಓದಿದೆ? ಯಾರ ಜೊತೆ ಜಗಳ ಆಯ್ತು?" ಅಂತ ಕೇಳೋಣ. ಊರಿನ ಹಿರಿಯರಿಗೂ ಇದನ್ನು ಮೆಲ್ಲಗೆ ತಿಳಿಹೇಳೋಣ. ಮಕ್ಕಳು ಬಾಯಿ ಬಿಟ್ಟು ಉತ್ತರ ಕೊಡೋಕೆ ಶುರು ಮಾಡಿದ್ರೆ ಅವರ ಮನಸ್ಸೂ ಉಳಿಯುತ್ತೆ, ಕನ್ನಡವೂ ಉಳಿಯುತ್ತೆ. ಏನಂತೀರಿ?